ಬೋಟಿನ ಹೊಟ್ಟಿ ಕೆರದ ಬ್ಯಾಸಗಿ

ನಮ್ಮೂರಾಗ ಯಾವ ಕೆಲಸಕ್ಕ ಕೈ ಹಚ್ಚಿದ್ರೂ ಅದು ನೆಟ್ಟಗ ಮುಗದದ್ದು ನಾ ಕಂಡಿಲ್ಲ. ಕೆಲಸ ಮುಗಿಯೂದ್ರಾಗ ಯಾರದರ ಒಬ್ಬರ ಮಾನ ಹೋಗಿರತೈತಿ, ಉಳದವರು ಹೊಟ್ಟಿ ಹಿಡಕೊಂಡು ನಗಾಕತ್ತಿರತಾರ. ಬೋಟಿನ ತಳ ಕೆರದು ಹೊಸಾ ಬಣ್ಣ ಹಚ್ಚಿದ ಆ ಒಂದು ಬ್ಯಾಸಗ್ಯಾಗಂತೂ ಊರಾಗ ಯಾರ ಮಾನಾನೂ ಉಳೀಲಿಲ್ಲ.

ಹಿರ್ಯಾರ ಕಟ್ಟಿ

ನಮ್ಮೂರು ದಿಗ್ಗೇವಾಡಿ ಕಡೆ, ಕೃಷ್ಣಾ ಹೊಳಿ ದಂಡಿಗೆ. ಅರ್ಧ ಮಂದಿಯ ಕಬ್ಬಿನ ಹೊಲ ಆಚಿ ದಂಡಿಗೆ ಇದ್ದುವು. ಹಾಯ್ದು ಹೋಗಾಕ ಸರಕಾರ ಕೊಟ್ಟ ಒಂದು ಫೈಬರ್ ಬೋಟು ಇತ್ತು. ಬ್ಯಾಸಗ್ಯಾಗ ಹೊಳಿ ಇಳದು ನೀರು ಮೊಣಕಾಲಮಟ ಆತಂದ್ರ ಅದನ್ನ ದಂಡಿಗೆ ಎಳದು, ಬೇವಿನ ಗಿಡದ ಬುಡಕ ಬೋರಲ ಹಾಕತಿದ್ರು. ಆಗ ಅದು ಬೋಟಲ್ಲ, ಊರ ಹಿರ್ಯಾರ ಕಟ್ಟಿ. ಎಲಿ, ಅಡಿಕಿ, ತಂಬಾಕ, ಮಂದಿ ಮನಿ ಸುದ್ದಿ ಎಲ್ಲಾ ಅದರ ಬೆನ್ನ ಮ್ಯಾಲ.

ಒಂದಿನ ಚಿಕ್ಕೋಡಿಯಿಂದ ಬೋಟು ನೋಡಾಕ ಸಾಹೇಬ್ರು ಬಂದ್ರು. ಜೀಪಿನಿಂದ ಇಳದವರು ನೆಟ್ಟಗ ಬಂದು ಬೋಟಿನ ಮ್ಯಾಲ ಕುಂತ್ರು, ಚಾ ಕುಡದ್ರು, ಬಾಯಿ ಒರಸಿಕೊಂಡು, "ಈ ಬೋಟು ಬಾದ್ ಆಗೈತಿ, ಕೆಲಸಕ್ಕ ಬರೂದಿಲ್ಲ" ಅಂದ್ರು.

ನಮ್ಮ ಮನಿಯವರು, "ತಾವು ಅದರ ಮ್ಯಾಲ ಕುಂತೀರಲ್ರಿ ಸಾಹೇಬ್ರ, ತಡದೈತಲ್ರಿ?" ಅಂದ್ರು.

"ವರ್ಷಾ ಸಿಕ್ಕ ಬಣ್ಣ ಬಳದು ಬೋಟಿಗಿಂತ ಬಣ್ಣನ ವಜ್ಜಿ ಆಗೈತಿ. ತಳ ಎಲ್ಲಿ ಸೀಳೇತಿ, ಕಾಣವಲ್ದು. ಮಿರಗದ ಮಳಿ ಬರೂದ್ರೊಳಗ ಎಲ್ಲಾ ಕೆರದು ಹಸನ ಮಾಡಿ ಇಡ್ರಿ. ಇಲ್ಲಂದ್ರ ಟ್ರಕ್ಕಿಗೆ ಹೇರಿ ಬ್ಯಾರೆ ಊರಿಗೆ ಕೊಟ್ಟ ಬಿಡತೀನಿ."

ನಾನು ಆಚಿ ದಂಡಿ ಕಡೆ ನೋಡಿದೆ. ನನ್ನ ಕಿರೀ ಮಗಳಿಗೆ ಆಚಿ ದಂಡಿ ಊರಾಗ ಸಂಬಂಧ ಮಾತಾಡಾಕತ್ತಿದ್ವಿ. ನಮ್ಮ ದಂಡಿ ಮ್ಯಾಲ ನಿಂತ್ರ ಅವರ ಮನಿ ಹೊಗಿ ಕಾಣತಿತ್ತು. ಬೋಟು ಹೋತಂದ್ರ, ಮಳಿಗಾಲದಾಗ ಕುಡಚಿ ಪೂಲ್‌ತನಕ ಹೋಗಿ, ಸೇತುವಿ ದಾಟಿ ಸುತ್ತಿ ಹೋಗಬೇಕು. ಹೊಗಿ ಕಾಣೂ ಮನಿಗೆ ಬಸ್ ಬದಲಿ ಮಾಡಿ ಹೋಗೂದಂದ್ರ ಏನು?

ಸಾಹೇಬ್ರು ಹ್ವಾದ ಮ್ಯಾಲ ಊರೆಲ್ಲಾ ಚಿಂತಿ ಮಾಡಕೋತ ನಿಂತಿತ್ತು. ಎಲ್ಲಾರಕಿಂತ ಹಿರೇ ಮುದುಕ ಕಣ್ಣಾಗ ನೀರು ತಂದು, "ಬೋಟು ಒಯ್ದ್ರ ನಾವು ಎಲ್ಲಿ ಕುಂಡ್ರೂದ್ರೋ?" ಅಂದ.

ಬಣ್ಣದ ಕೆಳಗಿನ ಬಣ್ಣ

ಮಿರಜದಿಂದ ಒಬ್ಬ ಮೇಸ್ತ್ರಿನ್ನ ಕರಸಿದ್ವಿ. ಫೈಬರ್ ಕೆಲಸದಾಗ ಕೈ ಪಳಗಿದವ, ಕನ್ನಡ ಅರ್ಧ, ಮರಾಠಿ ಅರ್ಧ. ಅಂವ ಒಂದು ಮೂಲ್ಯಾಗ ಬಣ್ಣ ಕೆರದು ತೋರಸಾಕ ಸುರು ಮಾಡಿದ. ಪದರಿನ ಕೆಳಗ ಪದರು, ಉಳ್ಳಾಗಡ್ಡಿ ಸುಲದಂಗ.

ನೀಲಿ ಹೋತು, ಕೆಳಗ ಹಸಿರು ಬಂತು. ನೋಡಕೋತ ನಿಂತಿದ್ದ ಸಾಲಿ ಮಾಸ್ತರ್ರು ಜಿಗದು ಮುಂದ ಬಂದ್ರು. "ಇದು ನಮ್ಮ ಸಾಲಿ ಕಿಡಕಿಗೆ ತಂದ ಬಣ್ಣ! ಡಬ್ಬಿ ಕಳದೈತಿ ಅಂತ ನಾ ಊರೆಲ್ಲಾ ಹುಡಿಕೀನಿ."

ಎಲ್ಲಾರೂ ಪಂಚಾಯತಿ ಮಾಜಿ ಚೇರ್ಮನ್ನರ ಕಡೆ ನೋಡಿದ್ರು. ಆ ವರ್ಷ ಬಣ್ಣ ಹಚ್ಚಿಸಿದವರು ಅವರ. ಅವರು ಆಕಾಶ ನೋಡಿ, "ಸಾಲಿ ಹುಡುಗೂರೂ ಬೋಟಿನ್ಯಾಗ ಕುಂಡರತಾವಲ್ರಿ ಮಾಸ್ತರ, ಹೊರಗಿನವರಿಗೆ ಹೋತೇನು?" ಅಂದ್ರು.

ಮೇಸ್ತ್ರಿ ಇನ್ನಷ್ಟು ಕೆರದ. ಹಸಿರು ಹೋಗಿ ಚಾಕಲೇಟ್ ಬಣ್ಣ ಬಂತು. ಈಗ ಚೇರ್ಮನ್ನರು ಹಾರ್ಯಾಡಿದ್ರು. "ಲೇ! ಇದು ನಮ್ಮ ಮನಿ ತಲಬಾಗಲದ ಬಣ್ಣ! ಅರ್ಧ ಬಾಗಲ ಹಚ್ಚೂದ್ರಾಗ ಡಬ್ಬಿ ಹೋಗಿತ್ತು. ಆ ವರ್ಷ ಬೋಟಿಗೆ ಬಣ್ಣ ಹಚ್ಚಿಸಿದಾಂವ ಯಾವನಲೇ?"

ಮಾಸ್ತರ್ರು ಮೆಲ್ಲಕ ಧೋತರದ ಚುಂಗ ಹಿಡಕೊಂಡು, "ಬರತೀನ್ರಿ, ಸಾಲಿ ಗಂಟಿ ಹೊಡಿಯೂ ಹೊತ್ತಾತು" ಅಂತ ಹ್ವಾದ್ರು.

ಸಾಲಿಗೆ ಬ್ಯಾಸಗಿ ಸೂಟಿ ಬಿದ್ದು ಭಾಳ ದಿನ ಆಗಿತ್ತು.

ಬದು ಯಾರದು?

ಕೆರಿಯೂ ಕೆಲಸ ಹೆಣಮಕ್ಕಳಿಗೆ ಬಂತು. ಕಳೆ ತಗಿಯೂ ಖುರ್ಪಿ ಹಿಡದ ಕೈ ನಮ್ಮವು, ಇದೇನ ದೊಡ್ಡ ಮಾತು? ನಮ್ಮನ್ನೆಲ್ಲಾ ಮಾವಶಿ, ಅಂದ್ರ ಚಿಗವ್ವ, ಅಂತ ಕರಿಯೂ ಮೇಸ್ತ್ರಿ ಒಂದ ಮಾತು ಹೇಳಿದ: "ಮಾವಶಿ, ಖುರ್ಪಿ ಮೊಂಡ ಇರಬೇಕು. ಬಣ್ಣದ ಕೆಳಗ ಮೊಟ್ಟಿ ಸಿಪ್ಪಿ ಇದ್ದಂಗ ಒಂದು ನುಣುಪು ಪದರು ಐತಿ, ಅದಕ್ಕ ಪೆಟ್ಟ ಹತ್ತಬಾರದು." ಹಿಂಗ ಹೇಳಿ ಊಟಕ್ಕ ಹ್ವಾದ.

ನಾವು ಹೊಲದಾಗ ಹಿಡದಂಗ ಒಬ್ಬೊಬ್ಬರು ಒಂದೊಂದು ಸಾಲ ಹಿಡದ್ವಿ. ಹಾಡ ಹಾಡಕೋತ ಬೋಟಿನ ಈ ಮೂತಿಯಿಂದ ಆ ಮೂತಿಗೆ ಮುಟ್ಟಿದ್ವಿ. ಮೇಸ್ತ್ರಿ ಬಂದು ನೋಡಿ ತಲಿ ಮ್ಯಾಲ ಕೈ ಇಟ್ಟ. ಬೋಟಿನ ತುಂಬ ಪಟ್ಟಾಪಟ್ಟಿ! ಸಾಲ ಹಸನ ಆಗಿದ್ವು, ಇಬ್ಬರ ಸಾಲಿನ ನಡುವ ಗೇಣಗಲ ಬಣ್ಣ ಹಂಗ ಕುಂತಿತ್ತು.

"ಹೇ ಕಾಯ್ ಮಾವಶಿ, ಏನಿದು? ಇದನ್ನ ಯಾಕ ಬಿಟ್ರಿ?"

"ಅದು ಬದು" ಅಂದಳು ನಮ್ಮ ನೆಗೆಣ್ಣಿ, ಮೈದುನನ ಹೇಂತಿ.

"ಬೋಟಿಗೆ ಎಲ್ಲಿ ಬದು?"

"ನನ್ನ ಸಾಲ ಇಲ್ಲೀತನಕ, ಆಕೀ ಸಾಲ ಅಲ್ಲಿಂದ. ನಡುವಿಂದು ಬದು. ಅದನ್ನ ನಾ ಕೆರದ್ರ ನಾಳಿ ಆಕಿ ನನ್ನ ಬದುವಿಗೆ ಯಾಕ ಬಂದಿ ಅನ್ನಾಕಿಲ್ಲೇನು?"

ಬಾಜೂದಾಕಿ ಖುರ್ಪಿ ಎತ್ತಿ, "ಯವ್ವಾ, ಹ್ವಾದ ವರ್ಷ ನನ್ನ ಹೊಲದ ಬದು ಒತ್ತಿದಾಕಿ ನೀನ! ಇಲ್ಲೆ ನ್ಯಾಯ ಮಾತಾಡತಿ?" ಅಂದಳು. ಅಲ್ಲಿಂದ ಸುರು ಆತು ನೋಡ್ರಿ, ಬೋಟಿನ ಬದು ಬಿಟ್ಟು ಹೊಲದ ಬದುವಿಗೆ ಹೋತು. ಕಡೀಕ ಹಿರ್ಯಾರು ಬಂದು ಹಗ್ಗ ಹಿಡದು ಬೋಟಿನ ತಳ ಅಳದು, ಬದು ಸರೀ ಪಾಲ ಮಾಡಿ ಕೊಟ್ರು.

ಮೇಸ್ತ್ರಿ ನನ್ನ ಕಿವ್ಯಾಗ, "ಮಾವಶಿ, ಬಣ್ಣ ಹಚ್ಚೂವಾಗ ಹೊಲದ ಲೆಕ್ಕಾ ನೋಡೂ ತಲಾಟಿನ್ನೂ ಕರಸಬೇಕೇನು?" ಅಂದ.

ಕೆರಕೋತ ಕೂಡಿದ ಸಂಬಂಧ

ಬಣ್ಣ ಹೋದ ಮ್ಯಾಲ ಸೀಳು ಕಂಡ್ವು. ಸೀಳಿನ ಸುತ್ತ ಪಾಲೀಶ ಕಾಗದ ಹಚ್ಚಿ ತಿಕ್ಕಬೇಕು. ಹಂಗ ತಿಕ್ಕಿದ್ರ ಹಿಟ್ಟಿನಂಥಾ ಧೂಳ ಏಳತೈತಿ, ಕಣ್ಣಿಗೆ ಕಾಣದಂಥಾ ಗಾಜಿನ ಎಳಿ ಇರತಾವು ಅದರಾಗ. ಮೇಸ್ತ್ರಿ ತುಂಬು ತೋಳಿನ ಅಂಗಿ ಹಾಕ್ಕೋರಿ, ಮಾರಿ ಕಟ್ಟಿಕೋರಿ ಅಂದ. ನಮ್ಮ ಮನಿಯವರು ಇದ್ದ ಅಂಗೀನೂ ತಗದು ಒಗದ್ರು. "ಮೈ ಗೀರೂ ಕಬ್ಬಿನ ಒಣಾ ಗರಿ, ರವದಿ ಹೊತ್ತ ಮೈ ಇದು. ಇದಕ್ಕ ನಿನ್ನ ಧೂಳ ಏನ ಮಾಡತೈತಿ?"

ಅವತ್ತ ಸಂಜೀಕ ಆಚಿ ದಂಡ್ಯಾವರು ಹೆಣ್ಣ ನೋಡಾಕ ಬಂದ್ರು, ಧೋತರ ಎತ್ತಿ ಕಟ್ಟಿ ಹೊಳಿ ಹಾಯ್ದು. ನಮ್ಮ ಮನಿಯವರು ಗಡಿಬಿಡಿಯಾಗ ಮೈಮ್ಯಾಲ ಎರಡ ಚರಗಿ ನೀರ ಸುರುವಿಕೊಂಡು, ಅಂಗಿ ಹಾಕ್ಕೊಂಡು ಜಮಖಾನಿ ಮ್ಯಾಲ ಕುಂತ್ರು. ಕುಂತ ಮ್ಯಾಲ ತುರಿಕಿ ಸುರು ಆತು. ಮೊದಲ ಕುತಗಿ, ಆಮ್ಯಾಲ ಬಗಲ, ಆಮ್ಯಾಲ ಎದ್ದು ಹೋಗಿ ಕಂಬಕ್ಕ ಬೆನ್ನ ಹಚ್ಚಿ ಎಮ್ಮಿಯಂಗ ಮ್ಯಾಲ ಕೆಳಗ.

ಹುಡುಗನ ತಂದಿ, "ಆರಾಮ ಅದೀರೇನ್ರಿ?" ಅಂದ್ರು.

"ಭಾಳ ಆರಾಮ್ರಿ" ಅಂದ್ರು ಇವರು, ಕಂಬ ಬಿಡಲಿಲ್ಲ.

ಹುಡುಗನ ತಾಯಿ ಸೆರಗು ಬಳಕೊಂಡು ದೂರ ಸರದ್ಳು. ನಾನು ಒಳಗಿಂದ ಓಡಿ ಬಂದು, "ಕಜ್ಜಿ ಅಲ್ರಿ ಯವ್ವಾ! ಬೋಟು! ಬೋಟು ತಿಕ್ಯಾರ್ರಿ!" ಅಂದೆ. ಆಕಿಗೆ ಇನ್ನಷ್ಟು ಹೆದರಿಕಿ ಆತು. ಅಷ್ಟರಾಗ ಹುಡುಗನ ತಂದೀನೂ ತೊಡಿ ಕೆರಕೊಂಡ್ರು. ಇವರು ಕುಂತು ಎದ್ದ ಜಮಖಾನಿ ಮ್ಯಾಲ ಅವರು ಕಾಲ ಚಾಚಿದ್ರಲ್ಲ! ಆಮ್ಯಾಲ ಹುಡುಗನ ಕಾಕಾ. ಆಮ್ಯಾಲ ಹುಡುಗ. ನನ್ನ ಮಗಳು ತಲಿ ಬಗ್ಗಿಸಿ ಚಾ ತಂದಾಕಿ, ಒಮ್ಮಿ ಮಾರಿ ಎತ್ತಿ ನೋಡಿ ಕಿಸಕ್ ಅಂತ ನಕ್ಕಳು. ಹುಡುಗನೂ ಕೆರಕೋತ ನಕ್ಕ. ಅಲ್ಲಿಗೆ ಪಸಂದ ಆತು.

ಹೋಗೂವಾಗ ಹುಡುಗನ ತಂದಿ ಒಂದ ಮಾತ ಬಿಗದು ಹೇಳಿದ್ರು: "ಹುಡುಗಿ ನಮ್ಮಾಕಿ ಆದಂಗ. ಆದ್ರ ಬೋಟು ಇದ್ರ ಸಂಬಂಧ. ಮಳಿ ಮುಗದು ಹೊಳಿ ತುಂಬಿದ್ದಾಗ ಮದವಿ, ಕುಡಚಿ ಪೂಲ್ ಸುತ್ತಿ ದಿಬ್ಬಣ ತರಾಕ ನಮ್ಮಿಂದ ಆಗೂದಿಲ್ಲ."

ನನ್ನ ನಗಿ ಹಾರಿಹೋತು. ದಂಡೀತನಕ ಕಳಸಾಕ ಹ್ವಾದ್ವಿ. ಅವರು ಮಾನದಿಂದ ನಡಕೋತ ನಡು ಹೊಳಿ ಮುಟ್ಟಿದ್ರು. ಅಲ್ಲಿ ಯಾರೂ ನೋಡವಲ್ಲರು ಅಂತ ತಿಳದು, ಎಲ್ಲಾರೂ ಒಮ್ಮೆಲೇ ನೀರಾಗ ಕುಂತ ಬಿಟ್ರು.

ನೆಗೆಣ್ಣಿಯ ಮೊಸರು

ಸೀಳು ಮುಚ್ಚಾಕ ಜೇನಿನಂಥಾ ಒಂದು ಅಂಟು ಬರತೈತಿ. ಅದಕ್ಕ ಇನ್ನೊಂದು ಸಣ್ಣ ಬಾಟ್ಲಿದು ಔಷಧ ನಾಕ ಹನಿ ಹಾಕಿ ಕಲಸಿ, ಫೈಬರ್ ಬಟ್ಟಿ ಮ್ಯಾಲ ಹಚ್ಚಿದ್ರ ಕಲ್ಲಾಗತೈತಿ. ಮೇಸ್ತ್ರಿ ನಮಗ ತಿಳೀಲಿ ಅಂತ, "ಹಾಲಿಗೆ ಹೆಪ್ಪ ಹಾಕಿದಂಗ ಮಾವಶಿ" ಅಂದ.

ಅಂದದ್ದ ತಪ್ಪಾತು. ನೆಗೆಣ್ಣಿಗೆ ಹೆಪ್ಪ ಹಾಕೂದು ಮಂದಿ ಹೇಳಿಕೊಡೂದಂದ್ರೇನು? ಊರಾಗ ಆಕೀ ಮೊಸರಿಗೆ ಹೆಸರು. ಮೇಸ್ತ್ರಿ ಬೀಡಿ ಸೇದಾಕ ಹ್ವಾದದ್ದ ನೋಡಿ, ಅಂಟೆಲ್ಲಾ ತನ್ನ ಪಾತೇಲಿಗೆ ಸುರುವಿ, "ಮಳಿ ಬರಾಕತ್ತೈತಿ, ಲಗೂ ಹೆಪ್ಪಾಗಲಿ" ಅಂತ ಸಣ್ಣ ಬಾಟ್ಲಿ ಪೂರಾ ಬಗ್ಗಿಸಿ ಸೌಟಿನಿಂದ ತಿರವಿದಳು.

ಒಲಿ ಇಲ್ಲ, ಬೆಂಕಿ ಇಲ್ಲ, ಪಾತೇಲಿ ಕುದ್ಯಾಕತ್ತಿತು. ಹೊಗಿ ಎದ್ದಿತು. "ಯವ್ವಾ, ದೆವ್ವ ಹೊಕ್ಕೈತಿ!" ಅಂತ ಒದರಿ ಆಕಿ ಓಡಿದಳು. ತಣ್ಣಗ ಆದ ಮ್ಯಾಲ ಬಂದು ಸೌಟು ಹಿಡದು ಎತ್ತಿದಳು, ಪಾತೇಲೀನೂ ಕೂಡ ಎದ್ದು ಬಂತು. ಮೇಸ್ತ್ರಿ ಮತ್ತ ಮಿರಜಕ್ಕ ಹೋಗಿ ಅಂಟು ತಂದ.

ಆ ಪಾತೇಲಿ ಇವತ್ತಿಗೂ ಆಕೀ ಮನ್ಯಾಗ ಬಾಗಲಕ್ಕ ಒತ್ತಾಗಿ ಕುಂತೈತಿ, ಸೌಟು ನೆಟ್ಟಗ ನಿಂತಾಂಗ. ಬಂದವರು "ಇದೇನ್ರಿ?" ಅಂದ್ರ, "ಮೊಸರು, ಸ್ವಲ್ಪ ಗಟ್ಟಿ ಆಗೈತಿ" ಅಂತಾಳ.

ಸಾಹೇಬ್ರ ಜಾಗ

ಅಂತೂ ಸೀಳು ಮುಚ್ಚಿ, ತಿಕ್ಕಿ, ನುಣ್ಣಗ ಮಾಡಿ, ಬೋಟಿಗೆ ಬೆಳ್ಳನ್ನ ಬಣ್ಣ ಹಚ್ಚಿದ್ವಿ. ಕೋಳಿ ಮೊಟ್ಟಿಯಂಗ ಹೊಳೀತಿತ್ತು. ಮೇಸ್ತ್ರಿ, "ಒಣಗೂತನಕ ಯಾರೂ ಮುಟ್ಟಬ್ಯಾಡ್ರಿ" ಅಂತ ಕೈ ಮುಗದ.

ಆದ್ರ ಹೊಸಾ ಬೋಟಿಗೆ ಉಡಿ ತುಂಬಬೇಕಲ್ಲ? ಹೆಣಮಕ್ಕಳೆಲ್ಲಾ ಕೂಡಿ ಅರಿಷಿಣ, ಕುಂಕುಮ ಹಚ್ಚಿ, ಮ್ಯಾಲ ಅಕ್ಕಿಕಾಳು ಹಾಕಿದ್ವಿ. "ಅಹೋ ಮಾವಶಿ, ರಂಗ ಓಲಾ ಆಹೇ, ಬಣ್ಣ ಇನ್ನೂ ಹಸೀ ಐತಿ!" ಅಂತ ಮೇಸ್ತ್ರಿ ಒದರೂದ್ರಾಗ ಅಕ್ಕಿ ಎಲ್ಲಾ ಅಲ್ಲೇ ಅಂಟಿದ್ವು.

ಆಗ ಜೀಪ ಬಂತು.

ಸಾಹೇಬ್ರು ಇಳದು, ಅರಿಷಿಣ ಕುಂಕುಮ ನೋಡಿ, "ಓಹೋ, ಪೂಜಿನೂ ಆಗೈತಿ!" ಅಂದವರು ರೂಢಿ ಪ್ರಕಾರ ನೆಟ್ಟಗ ಹೋಗಿ ಬೋಟಿನ ಮ್ಯಾಲ ಕುಂತ ಬಿಟ್ರು.

ನಾನು ಮನಿಯವರಿಗೆ ಮೊಣಕೈಲೆ ತಿವದೆ. "ಏಳ್ರಿ ಅನ್ರಿ ಅವರಿಗೆ."

"ಹುಚ್ಚಿ ಅದೀಯೇನ? ಬಂದ ಮನಷ್ಯಾನ್ನ ಚಾ ಕೊಡದ ಎಬ್ಬಸೂದು? ಊರಿನ ಮರ್ಯಾದಿ ಏನಾಗಬೇಕು?"

"ಹಂಗಾದ್ರ ಚಾ ಕೊಟ್ಟು ಎಬ್ಬಸೂಣು."

ಓಡಿದೆ. ಅವತ್ತ ಒಲಿ ಹತ್ತಲಿಲ್ಲ, ಹಸಿ ಕಟಗಿ. ನಾ ಊದಿ ಊದಿ ಚಾ ಕಾಸಿ ತರೂದ್ರಾಗ ಮೋಡ ಹರದು ಬಿಸಲು ಬಿದ್ದು, ಸಾಹೇಬ್ರು ಬೋಟಿನ ಮ್ಯಾಲ ಚಂದಂಗ ಒಣಗಿದ್ರು. ಅಕ್ಕಿ ಆಸೇಕ ಕೋಳಿ ಬಂದು ಅವರ ಸುತ್ತ ಕುಕ್ಕಾಕತ್ತಿದ್ವು. ಅವರು ಬಸಿಯಾಗ ಸುರುವಿ ಚಾ ಕುಡದು, "ಕೆಲಸ ಝಕಾಸ್ ಆಗೈತಿ. ನಿಮಗ ಬಿಡತೀನಿ ಅಂದದ್ದು ಖರೆ, ಆದ್ರ ಸುದ್ದಿ ಕೇಳಿ ಬ್ಯಾರೆ ಊರಿನವರೂ ಈ ಬೋಟ ಕೇಳಾಕತ್ಯಾರ. ನಾಳಿ ಟ್ರಕ್ಕ ಕಳಸತೀನಿ. ಮೊದಲ ಚಿಕ್ಕೋಡಿಗೆ ಒಯ್ದು ಆಫೀಸ ಮುಂದ ಇಟ್ಟು ಆಮ್ಯಾಲ..." ಅಂತ ಏಳಾಕ ಹ್ವಾದ್ರು.

ಏಳಲಿಲ್ಲ.

ಇನ್ನೊಮ್ಮಿ ಜೋರ ಮಾಡಿದ್ರು. ಚರ್ರ್ ಅಂತ ಸಪ್ಪಳಾತು. ಪಾಂಟಿನ ಮುಂದಿನ ಭಾಗ ಸಾಹೇಬ್ರ ಕೂಡ ಬಂತು, ಹಿಂದಿನ ಭಾಗ ಬೋಟಿನ ಕೂಡ ಉಳೀತು. ಹೆಣಮಕ್ಕಳೆಲ್ಲಾ ಹೊಳಿ ಕಡೆ ಮಾರಿ ತಿರಗಿಸಿದ್ವಿ. ನಮ್ಮ ಮನಿಯವರು ಓಡಿ ಹೋಗಿ ಧೋತರ ತಂದು ಸುತ್ತಿದ್ರು. ಮೇಸ್ತ್ರಿ ಬೋಟಿಗೆ ಅಂಟಿದ್ದ ಪಾಂಟಿನ ಅರಬಿ ಮೆಲ್ಲಕ ಕಿತ್ತಿದ. ಬೆಳ್ಳನ್ನ ಬಣ್ಣದ ಮ್ಯಾಲ ಸಾಹೇಬ್ರ ಕುಂಡಿ ಅಚ್ಚು, ಎರಡೂ ಕಡೆ ಸಮ, ಕಿಸೆ ಗುಂಡಿ ಸುದ್ದಾ ಮೂಡಿತ್ತು. ನಡುವ ಕುಂಕುಮ.

ನನ್ನ ಮಗಳ ಮಾರಿ ಕಣ್ಣಮುಂದ ಬಂತು. ಧೈರ್ಯ ಮಾಡಿ ಕೇಳಿದೆ, "ಸಾಹೇಬ್ರ, ಟ್ರಕ್ಕಿನ್ಯಾಗ ಬೋಟು ಹೆಂಗ ಇಡತಾರ್ರಿ?"

"ಬೋರಲ."

"ಹಂಗಾದ್ರ ಚಿಕ್ಕೋಡಿ ಬಸ್ ಸ್ಟ್ಯಾಂಡ್ ಮುಂದ ಹಾಯೂವಾಗ ಮಂದಿ ಇದೇನ್ರಿ ಅಂತ ಕೇಳೇ ಕೇಳತಾರ. ನಾವು ಹಳ್ಳಿ ಮಂದಿ, ನಮಗ ಸುಳ್ಳ ಹೇಳಾಕ ಬರಾಂಗಿಲ್ರಿ."

ಸಾಹೇಬ್ರು ಅಚ್ಚು ನೋಡಿದ್ರು. ಧೋತರ ನೋಡಿಕೊಂಡ್ರು. "ಇದನ್ನ ಕೆರದು ಮತ್ತ ಬಣ್ಣ ಹಚ್ಚಾಕ ಆಗೂದಿಲ್ಲೇನು?"

"ಆಗತೈತ್ರಿ, ಆದ್ರ ಬದುವಿನ ಜಗಳ ಮೊದಲ ಹರೀಬೇಕ್ರಿ" ಅಂದ ಮೇಸ್ತ್ರಿ. ಅಷ್ಟರಾಗ ಮೋಡ ಗುಡಗಿತು.

"ಬೋಟು ಇಲ್ಲೇ ಇರಲಿ" ಅಂದ್ರು ಸಾಹೇಬ್ರು. "ನೀರಾಗ ನೂಕ್ರಿ. ಈಗಿಂದೀಗ!"

ಮಳಿ ಮುಗದ ಮ್ಯಾಲ ದಿಬ್ಬಣ ಅದೇ ಬೋಟಿನ್ಯಾಗ ಬಂತು, ಬಾಜಾ ಬಾರಿಸಿಕೋತ. ಸಾಹೇಬ್ರನ್ನೂ ಕರದಿದ್ವಿ, ಬಂದಿದ್ರು. ಎಷ್ಟ ಹೇಳಿದ್ರೂ ಕುರ್ಚಿ ಮ್ಯಾಲ ಕುಂಡ್ರಲಿಲ್ಲ.

ಮುಂದಿನ ಬ್ಯಾಸಗ್ಯಾಗ ಬೋಟು ಮತ್ತ ಬೇವಿನ ಗಿಡದ ಬುಡಕ ಬೋರಲ ಬಿತ್ತು. ಹಿರ್ಯಾರೆಲ್ಲಾ ಸಾಲಾಗಿ ಕುಂತ್ರು, ನಡುವ ಒಂದು ಜಾಗ ಖಾಲಿ ಬಿಟ್ಟು. ಮಗಳನ್ನ ಕರಕೊಂಡು ಬಂದಿದ್ದ ಬೀಗರು ಅಲ್ಲಿ ಕುಂಡ್ರಾಕ ಹ್ವಾದ್ರು. ಹಿರೇ ಮುದುಕ ಗಾಬರಿಯಾಗಿ ಅವರ ತೋಳ ಹಿಡದ.

"ಅಲ್ಲಿ ಬ್ಯಾಡ್ರಿ ಬೀಗರ, ಅದು ಸಾಹೇಬ್ರ ಜಾಗ. ಅಳತಿ ಕೊಟ್ಟು ಹೋಗ್ಯಾರ."