ಟೊಳ್ಳು ಗೋಡಿಗೆ ಟಿವಿ ಹಾಕಿದ್ದು

ಟಿವಿ ಮಾರೋದು ಸುಲಭರೀ, ಅದನ್ನ ಗೋಡಿಗೆ ಹಾಕೋದೈತಲ್ಲ, ಅದು ಜೀವ ತಿನ್ನತೈತಿ. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಸಣ್ಣ ಟಿವಿ ಅಂಗಡಿ. ಮಾರಾಂವನೂ ನಾನ, ಹೊತ್ಕೊಂಡು ಹೋಗಿ ಗೋಡಿಗೆ ಹಾಕಾಂವನೂ ನಾನ. ಅದರಾಗ ನಾನು ಹುಟ್ಟಿದಾಗಿಂದ ಅಂಜುಬುರುಕ. ಗ್ಯಾಸ್ ಆರಿಸಿ ಬಂದ ಮ್ಯಾಲೂ ತಿರುಗಿ ಹೋಗಿ ನೋಡ್ತೀನಿ. ಬಸ್ಸಿನ್ಯಾಗ ಕುಂತ್ರ ಡ್ರೈವರ್‌ಗೆ ನಿದ್ದಿ ಬಂದೈತೇನೋ ಅಂತ ಕತ್ತು ಉದ್ದ ಮಾಡ್ತೀನಿ. ಇಂಥಾವನ ಪಾಲಿಗೇ ನಮ್ಮ ಸೀಮಿ ಗೋಡಿಗಳೆಲ್ಲ ಬರಬೇಕಾ? ಒಂದಲ್ಲ ಒಂದು ಆಗ್ತಾನ ಇರ್ತೈತಿ. ಒಂದು ಗೋಡಿಗಂತೂ ನನ್ನ ಮಗಳ ಲಗ್ನಾನೇ ಜೋತುಬಿದ್ದಿತ್ತು. ಅದನ್ನ ಕಡೀಗೆ ಹೇಳ್ತೀನಿ, ಮೊದಲು ಸಣ್ಣಪುಟ್ಟವು ಕೇಳ್ರಿ.

ಗೋಡ್ಯಾಗಿನ ಶೇಂಗಾ

ಆವಾಗೆಲ್ಲ ಡಬ್ಬಿ ಹಂಗಿರೋ ದಪ್ಪ ಟಿವಿ. ಗೋಡಿಗೆ ಕಬ್ಬಿಣದ ಸ್ಟ್ಯಾಂಡ್ ಬಡಿದು ಅದರ ಮ್ಯಾಲೆ ಇಡಬೇಕು. ಹಂಪಸಾಗರದಾಗ ಒಬ್ಬ ಅಜ್ಜಿ ಮನಿಗೆ ಹೋಗಿದ್ದೆ. ಮೊಳ ದಪ್ಪ ಮಣ್ಣಿನ ಗೋಡಿ. ಡ್ರಿಲ್ ಹಚ್ಚಿದ್ದ ತಡ, ಸರ್ರಂತ ಪೂರಾ ಒಳಗ ಹೋಗಿಬಿಡ್ತು. ಹೊರಗ ಎಳದ್ರ ಮೊದಲು ಮಣ್ಣು ಸುರೀತು, ಅದರ ಹಿಂದಾ ಶೇಂಗಾ ಬಂದ್ವು! ಇಲಿ ಕೂಡಿಟ್ಟಿದ್ದು. ಸುರಿಯೋದು ನಿಲ್ಲವಲ್ದು.

"ಅಜ್ಜೀ, ಒಳಗೆಲ್ಲ ಇಲಿ ತೋಡ್ಯಾವು. ಟಿವಿ ಇಟ್ರ ಗೋಡಿನೂ ಬೀಳತೈತಿ, ಟಿವಿನೂ ಬೀಳತೈತಿ, ಯಾರ ತಲಿ ಮ್ಯಾಲಾದ್ರೂ..." ಅಂತ ಹೇಳಾಕತ್ತಿದ್ದೆ.

ಅಜ್ಜಿ ಅಡಿಗಿ ಮನಿಗೆ ಓಡಿ ಕಾಳು ಕೇರೋ ಮರ ತಂದು ತೂತಿನ ಕೆಳಗ ಹಿಡಿದ್ಲು. "ಟಿವಿ ಇರ್ಲಿ ಬಿಡಪಾ, ಇದರ ಮಗ್ಗಲಿಗೆ ಇನ್ನೊಂದು ತೂತು ಹಾಕು" ಅಂದ್ಲು.

ಕಟಿಂಗ್ ಅಂಗಡಿ ಗೂಟ

ಮುಂದ ತೆಳ್ಳನ ಟಿವಿ ಬಂದ್ವು. ಹಗುರ ಅದಾವ, ಬದುಕಿದೆ ಅಂದ್ಕೊಂಡೆ. ಟಿವಿ ತೆಳ್ಳಗಾದಂಗ ಗೋಡಿಗಳೂ ತೆಳ್ಳಗಾಗ್ತಾವು ಅಂತ ಯಾರಿಗೆ ಗೊತ್ತಿತ್ತು? ಕೊಟ್ಟೂರಿನ್ಯಾಗ ಒಬ್ಬ ಬಟ್ಟಿ ಅಂಗಡಿ ಸಾವ್ಕಾರ ತನ್ನ ಅಂಗಡಿ ನಡುವ ಪ್ಲೈವುಡ್ ನಿಂದ್ರಿಸಿ, ಆ ಕಡಿ ಅರ್ಧ ಕಟಿಂಗ್ ಅಂಗಡಿಯವನಿಗೆ ಬಾಡಿಗಿ ಕೊಟ್ಟಿದ್ದ. ಆ ಪ್ಲೈವುಡ್ಡಿಗೆ ಟಿವಿ ಹಾಕಬೇಕಂತ.

"ಉದ್ದ ಬೋಲ್ಟ್ ಹಾಕಿ ಆ ಕಡಿಯಿಂದ ನಟ್ ಬಿಗೀರಿ. ಅವನಿಗೆ ಹೇಳೀನಿ" ಅಂದ ಸಾವ್ಕಾರ. ಹೇಳಿರಲಿಲ್ಲ.

ಡ್ರಿಲ್ ಆ ಕಡಿ ಮೂತಿ ಹಾಕಿತು. "ಯಪ್ಪಾ, ಸತ್ತೆ!" ಅಂತ ಕೂಗು. ಓಡಿ ಹೋಗಿ ನೋಡಿದ್ರ ಮೋತಿ ತುಂಬ ಸೋಪಿನ ನೊರಿ ಇದ್ದ ಗಿರಾಕಿ ಬೀದ್ಯಾಗ ನಿಂತಾನ. ಅರ್ಧ ಗಡ್ಡ ಹೋಗೈತಿ, ಅರ್ಧ ಐತಿ. ಅವನ ಕಿವಿ ಪಕ್ಕಕ್ಕ ಡ್ರಿಲ್ ಬಂದಿತ್ತು. ಕೈ ಮುಗಿದೆ, ಕಾಲಿಗೆ ಬೀಳೋದೊಂದು ಬಾಕಿ. ಹೆಂಗೋ ಬೋಲ್ಟ್ ಬಿಗಿದು ಟಿವಿ ಹಾಕಿ ಬಂದೆ. ಆಮ್ಯಾಲೆ ಎಷ್ಟೋ ದಿನ ನನಗ ಕನಸಿನ್ಯಾಗ ಅದೇ ಕಿವಿ.

ಈ ಚಿಂತಿ ಸಾಕು, ಬಿಚ್ಚಿ ಬ್ಯಾರೆ ಕಡಿ ಹಾಕಾಣ ಅಂತ ಮತ್ತ ಹೋದ್ರ ಕಟಿಂಗ್ ಅಂಗಡಿಯವನೇ ಅಡ್ಡ ನಿಂತ. ನೋಡ್ತೀನಿ, ಬೋಲ್ಟಿನ ತುದಿಗೆಲ್ಲ ಟವೆಲ್ಲು, ಗಿರಾಕಿಗಳ ಅಂಗಿ ಜೋತುಬಿಟ್ಟಾನ. "ತೆಗೀಬ್ಯಾಡ್ರಿ ಅಣ್ಣಾ. ಸಾಧ್ಯ ಆದ್ರ ಇನ್ನೊಂದೆರಡು ಈ ಕಡಿ ಬಿಡ್ರಿ, ಚೀಲ ಹಾಕಾಕ ಜಾಗ ಇಲ್ಲ" ಅಂದ.

ಬೀಗರ ಗೋಡಿ

ಇನ್ನ ಮಗಳ ಮಾತು. ಹರಪನಹಳ್ಳಿಯ ಕಾಳುಕಡಿ ಅಡತಿ ಅಂಗಡಿಯವರ ಮನಿತನ. ಹುಡುಗ ಚಲೋ, ಮಂದಿ ಚಲೋ, ಮಗಳಿಗೂ ಮನಸ್ಸಿಗೆ ಬಂದಿತ್ತು. ಅವರ ಮನ್ಯಾಗ ನಿಶ್ಚಯ ಅಂತ ಆತು. ಅಷ್ಟರಾಗ ಹುಡುಗನ ಅಪ್ಪ ಫೋನ್ ಮಾಡಿದ್ರು. "ಬೀಗ್ರೇ, ನಿಶ್ಚಯಕ್ಕೆ ಮುಂಚೆ ಒಂದು ದೊಡ್ಡ ಟಿವಿ ಕೊಳ್ಳಬೇಕು ಅಂತೀನಿ. ನಿಮ್ಮ ಅಂಗಡೀದೇ ಆಗ್ಲಿ, ನಿಮ್ಮ ಕೈಯಾರೆ ಹಾಕಿಕೊಡ್ರಿ."

ಹೋಗಿ ನೋಡಿದ್ರ ಪಡಸಾಲಿ ನಡುವ ಹೊಸಾ ಗೋಡಿ. ಜಿಪ್ಸಂ ಬೋರ್ಡಿಂದು! ಎರಡು ತೆಳ್ಳನ ಹಲಗಿ, ನಡುವ ಬರೇ ಗಾಳಿ. ದಾವಣಗೆರೆ ಕಡೆ ಯಾವುದೋ ಆಫೀಸಿನ್ಯಾಗ ನೋಡಿ ಬಂದು ಮಾಡಿಸ್ಯಾರ. ಈ ಕಡಿ ಮಂದಿ ಕೂಡೋ ಜಾಗ, ಆ ಕಡಿ ಕಾಳಿನ ಕೋಣಿ. "ನಮ್ಮ ಓಣ್ಯಾಗೆ ಇಂಥ ಗೋಡೆ ಇದೇ ಮೊದ್ಲು" ಅಂತ ಬೀಗರು ಎತ್ತಿನ ಬೆನ್ನು ಸವರಿದಂಗ ಸವರಿದ್ರು.

ನಾನು ಬೆರಳು ಮಡಚಿ ಬಡಿದೆ. ಡಬ್. ಮಗ್ಗಲಿಗೆ ಬಡಿದೆ. ಡಬ್ ಡಬ್. ಒಳಗ ಕಟ್ಟಿಗಿ ಇದ್ದಲ್ಲಿ ಗಟ್ಟಿ ಸಪ್ಪಳ ಬರಬೇಕು. ಅದು ಬಂದದ್ದು ಬಾಗಿಲ ಹತ್ರ ಮೂಲ್ಯಾಗ ಮಾತ್ರ.

"ಇಲ್ಲೇ ಮೂಲ್ಯಾಗ ಹಾಕಾಣೇನ್ರಿ?"

"ಮೂಲೆಗೆ ಕಸಬರಿಗೆ ಇಡ್ತಾರೆ ಬೀಗ್ರೇ. ನಟ್ಟ ನಡುವೆ ಹಾಕ್ರಿ."

ಗಂಡಿನ ಮನಿಗೆ ಹೋಗಿ 'ನಿಮ್ಮ ಗೋಡಿ ಟೊಳ್ಳು' ಅಂತ ಯಾವ ಹೆಣ್ಣಿನ ಅಪ್ಪ ಹೇಳ್ಯಾನು? ಒಳಗ ಹೋಗಿ ಛತ್ರಿ ಹಂಗ ಬಿಚ್ಚಿಕೊಳ್ಳೋ ಬೋಲ್ಟು ಬರ್ತಾವು, ಅವುನ್ನ ಬಿಗಿದು, ದೇವರ ಮ್ಯಾಲೆ ಭಾರ ಹಾಕಿ, ಟಿವಿ ತೂಗುಹಾಕಿ ಬಂದೆ.

ಅವತ್ತಿಂದ ಊಟ ಸೇರಲಿಲ್ಲ. ಟಿವಿ ಒಡೆದರ ಇನ್ನೊಂದು ಕೊಡಬಹುದು. ಆದ್ರ ನಿಶ್ಚಯಕ್ಕ ಮೊದಲೇ ಬಿತ್ತು ಅಂದ್ರ 'ಹುಡುಗಿ ಕಾಲ್ಗುಣ' ಅಂತಾರ. ಸಂಬಂಧನೇ ಮುರಿದು ಬೀಳತೈತಿ. ದಿನಾ ಫೋನ್ ಮಾಡಿ "ಟಿವಿ ಹೆಂಗೈತ್ರೀ?" ಅಂತ ಕೇಳ್ತಿದ್ದೆ. ಏನಾದ್ರೂ ನೆವ ಮಾಡ್ಕೊಂಡು ಹೋಗಿ, ಚಾ ಕುಡಿದು, ಗೋಡಿ ನೋಡಿ ಬರ್ತಿದ್ದೆ. ಬೀಗರ ತಾಯಿ, ಆ ಮನಿ ಅಜ್ಜಿ, "ಎಷ್ಟು ಪ್ರೀತಿ ನಮ್ಮ ಮ್ಯಾಲೆ!" ಅಂತ ಊರೆಲ್ಲ ಹೇಳಿಕೊಂಡು ಬಂದ್ಲಂತ. ನನ್ನ ಹೆಂಡ್ತಿ ಮಾತ್ರ ಬಿಡಲಿಲ್ಲ. "ಹುಡುಗಿ ನೋಡಾಕ ಅವರು ಒಂದಾ ಸಲ ಬಂದ್ರು. ಟಿವಿ ನೋಡಾಕ ನೀವು ಎಷ್ಟು ಸಲ ಹೋಗ್ತೀರಿ?" ಅಂದ್ಲು.

ಆರಿಸಿದ ಟಿವಿ ಮಾತಾಡಿದ್ದು

ನಿಶ್ಚಯದ ದಿನ ಅದೇ ಪಡಸಾಲ್ಯಾಗ ಎರಡೂ ಕಡಿ ಮಂದಿ ಜಮಖಾನಿ ತುಂಬ ಕುಂತಾರ. ನನ್ನ ಮಗಳನ್ನ ಎಲ್ಲಿ ಬಿಟ್ಟು ಎಲ್ಲಿ, ಸರಿಯಾಗಿ ಟಿವಿ ಕೆಳಗ ಕುಂದ್ರಿಸ್ಯಾರ! ಅಷ್ಟು ಸಾಲದು ಅಂತ ಅಜ್ಜಿ ಹೊಸ ಟಿವಿಗೂ ಪೂಜಿ ಆಗ್ಲಿ ಅಂತ ಕುಂಕುಮ ಹಚ್ಚಿ, ತೊಡಿ ದಪ್ಪ ಚೆಂಡು ಹೂವಿನ ಹಾರ ಹಾಕಿಸಿದ್ಲು. ಹಾರ ಬಿದ್ದ ಕೂಡ್ಲೆ ಟಿವಿ ಒಂಚೂರು ಜಗ್ಗಿದಂಗಾತು.

ಎದ್ದು ಹೋಗಿ, ಸುಮ್ನ ನಿಂತಂಗ ನಿಂತು, ಒಂದು ಕೈ ಟಿವಿ ಕೆಳಗ ಕೊಟ್ಟೆ, ಇನ್ನೊಂದು ಕೈಲೆ ಗೋಡಿ ಒತ್ತಿ ಹಿಡಿದೆ. "ಕುಂದ್ರ ಬರ್ರಿ" ಅಂದ್ರು. "ಇರ್ಲಿ, ನಿಂತ್ರನ ನನಗ ಆರಾಮ" ಅಂದೆ. "ಇಲ್ಲೂ ಅಂಗಡಿ ಜಾಹೀರಾತು ಮಾಡಾಕತ್ಯಾನ ನೋಡು" ಅಂತ ನಮ್ಮ ಸೋದರಮಾವನೇ ಗೊಣಗಿದ.

ಆಗ ಗೋಡಿ ನನ್ನ ಕೈಯನ್ನ ಒತ್ತಾಕ ಹತ್ತಿತು. ಹೌದ್ರೀ, ಗೋಡಿ! ನಾನು ಒತ್ತಿದ್ರ ಅದೂ ತಿರುಗಿ ಒತ್ತತೈತಿ. ಬೀಳಾಕ ತಯಾರಾತು ಅಂತ ಇನ್ನೂ ಜೋರು ಒತ್ತಿದೆ. ಅದೂ ಇನ್ನೂ ಜೋರು ಒತ್ತಿತು. ಟಿವಿ ಗಡಗಡ ನಡುಗಿ, ಹಾರದ ಹೂವು ಉದುರಿ ಮಗಳ ತಲಿ ಮ್ಯಾಲೆ ಬಿದ್ದವು. "ಆಹಾ, ಶುಭ ಸೂಚನಿ" ಅಂತ ಹೆಂಗಸರು ಖುಷಿ ಪಟ್ರು.

ಅಷ್ಟೊತ್ತಿಗೆ ಹಿರಿಯರು "ಇಬ್ಬರೂ ಬೀಗರು ಬರ್ರಿ, ಎಲಿ ಅಡಿಕಿ ಬದಲಾಯಿಸ್ರಿ" ಅಂದ್ರು. ಎಲಿ ಅಡಿಕಿ ಕೈ ಬದಲಾದ್ರನ ನಿಶ್ಚಯ. ಅದನ್ನ ಎರಡೂ ಕೈ ಚಾಚಿ ತಗೋಬೇಕು, ಒಂದು ಕೈ ಚಾಚಿದ್ರ ಅವಮಾನ. ನನಗೋ ಒಂದು ಕೈನೂ ಖಾಲಿ ಇಲ್ಲ. ನೋಡಿದ್ರ ಹುಡುಗನ ಅಪ್ಪ ಅಲ್ಲಿ ಇಲ್ಲವೇ ಇಲ್ಲ!

"ಎಲ್ಲಿ ಹೋದ್ರು? ಈ ಸಂಬಂಧಕ್ಕ ಮನಸ್ಸಿಲ್ಲೇನು?" ಅಂತ ನಮ್ಮ ಕಡಿಯವರು ಗುಸುಗುಸು ಸುರು ಮಾಡಿದ್ರು. ಮಗಳ ಕಣ್ಣಾಗ ನೀರು ಬಂತು. ಆಕಿ ಹತ್ರ ಹೋಗಬೇಕು, ಆದ್ರ ಕೈ ಬಿಡಂಗಿಲ್ಲ, ಕೆಳಗ ಆಕಿನ ಕುಂತಾಳ.

ಅಜ್ಜಿ ಮಗನನ್ನ ಹುಡುಕ್ಕೋತ ಕಾಳಿನ ಕೋಣಿಗೆ ಹೋದ್ಲು. ಸ್ವಲ್ಪ ಹೊತ್ತಿಗೆ ಆರಿಸಿದ ಟಿವಿ ಮಾತಾಡಿತು. ಥೇಟ್ ಬೀಗರ ದನಿ. "ನಾ ಬರಲ್ಲ ಅವ್ವಾ, ಬಿಟ್ರೆ ಬೀಳತೈತೆ!"

ಮಂದಿ ಎಲ್ಲ ಟಿವಿ ಕಡಿ ತಿರುಗಿದ್ರು. ಒಬ್ಬರು ರಿಮೋಟ್ ಹುಡುಕಾಕ ಹತ್ತಿದ್ರು. ಟೊಳ್ಳು ಗೋಡಿ ನೋಡ್ರಿ, ಆ ಕಡಿ ಮಾತೆಲ್ಲ ಈ ಕಡಿ ಕೇಳತೈತಿ.

"ಏನೋ ಅದು ಬೀಳೋದು?" ಅಜ್ಜಿ ದನಿ.

"ಗೋಡೆ ಕಣವ್ವಾ! ಮೊದ್ಲೇ ಟೊಳ್ಳು, ಮ್ಯಾಲೆ ನೀನು ಅಷ್ಟು ದಪ್ಪ ಹಾರ ಹಾಕಿಸಿದಿ. ಹುಡುಗಿ ತಲೆ ಮ್ಯಾಲೆ ಬಿದ್ರೆ ಅವರು ನಮ್ಮ ಮನೆಗೆ ಹೆಣ್ಣು ಕೊಡ್ತಾರಾ? ಬೀಗರಿಗೆ 'ನಿಮ್ಮ ಕೆಲಸದ ಮ್ಯಾಲೆ ನಂಬಿಕೆ ಇಲ್ಲ' ಅಂತ ಹೆಂಗೆ ಹೇಳ್ಲಿ? ಅದಕ್ಕೇ ಇಲ್ಲಿ ಒತ್ತಿ ಹಿಡಿದೀನಿ. ಆ ಕಡೆಯಿಂದ ಏನೋ ನೂಕ್ತಾನೇ ಐತೆ ಅವ್ವಾ!"

ಗೋಡಿಗೆ ಬಾಯಿ ಹಚ್ಚಿ ಕೂಗಿದೆ. "ಬೀಗ್ರೇ, ಅದು ನಾನ್ರೀ!"

ಅಜ್ಜಿ ಮಗನ ರಟ್ಟಿ ಹಿಡಿದು ಎಳಕೊಂಡು ಬಂದ್ಲು. ಬೀಗರ ಮೈತುಂಬ ಜೋಳದ ಧೂಳು. ಅಜ್ಜಿ ಮೊದಲು ನನ್ನ ಮಗಳನ್ನ ಎಬ್ಬಿಸಿ, ಕಣ್ಣು ಒರೆಸಿ, ತನ್ನ ಮಗ್ಗಲಿಗೆ ಕುಂದ್ರಿಸಿಕೊಂಡ್ಲು. ಆಮ್ಯಾಲೆ ನನ್ನ ಕಡಿ ತಿರುಗಿ "ಕೈ ಬಿಡಪ್ಪಾ. ಬಿದ್ರೆ ಟಿವಿ ತಾನೇ ಬೀಳೋದು? ಹುಡುಗಿ ಆಗಲೇ ನಮ್ಮಾಕಿ" ಅಂದ್ಲು.

ಆ ಮಾತು ಕೇಳಿ ನನ್ನ ಕಣ್ಣೂ ತುಂಬಿತು. ಕಣ್ಣು ಮುಚ್ಚಿ ಕೈ ಬಿಟ್ಟೆ. ಬೀಗರೂ ಕಣ್ಣು ಮುಚ್ಚಿದ್ರು. ಹಂಗ ಕಣ್ಣು ಮುಚ್ಚಿಕೊಂಡೇ, ತಡವರಿಸಿಕೋತ, ಇಬ್ಬರೂ ಎಲಿ ಅಡಿಕಿ ಬದಲಾಯಿಸಿದ್ವಿ. ಸಪ್ಪಳ ಬರಲಿಲ್ಲ. ಕಣ್ಣು ತೆಗೆದ್ರ ಟಿವಿ ಇದ್ದಲ್ಲೇ ಐತಿ, ನಡುಗೋದು ಪೂರಾ ನಿಂತೈತಿ.

ಅಜ್ಜಿ ಗೋಡಿ ನೋಡಿದ್ಲು, ನಮ್ಮಿಬ್ಬರನ್ನ ನೋಡಿದ್ಲು. "ಗೋಡೆ ಗಟ್ಟಿ ಐತೆ ಕಣ್ರಪ್ಪಾ. ನೀವಿಬ್ರೂ ಅದರ ತಂಟೆಗೆ ಹೋಗಬ್ಯಾಡ್ರಿ" ಅಂದ್ಲು.