ನಾನು ಹಿಮಾಲಯ ಇಳಿದದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ‘ಇದ್ಯಾವ ಮಹಾ’ ಎನ್ನುವ ಚಟ. ಯಾರಾದರೂ ಕೆರೆ ಈಜಿ ದಾಟಿದೆ ಎಂದರೆ ಇದ್ಯಾವ ಮಹಾ, ಬೆಟ್ಟ ಹತ್ತಿ ಬಂದೆ ಎಂದರೆ ಇದ್ಯಾವ ಮಹಾ. ಈ ಮಾತನ್ನು ಹೇಳುವುದಕ್ಕೆ ಮೈ ಬಗ್ಗಿಸಬೇಕಾಗಿಲ್ಲ. ಕುರ್ಚಿಯಲ್ಲಿ ಕೂತು, ಮೇಜಿನ ಕೆಳಗೆ ಕಾಲು ಚಾಚಿಕೊಂಡು ಹೇಳಬಹುದು. ಕೆ.ಆರ್. ಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಬಹಳ ವರ್ಷ ಹಾಗೆ ಹೇಳಿಕೊಂಡು ಸುಖವಾಗಿಯೇ ಇದ್ದೆ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಮಾತೇ ನನ್ನನ್ನು ಹಿಮಾಚಲದವರೆಗೆ ಎಳೆದುಕೊಂಡು ಹೋಗಿ ಹಿಮದ ಮೇಲೆ ಕೂರಿಸಿತು.

ಆದದ್ದು ಹೀಗೆ. ಮೈಸೂರಿನ ಚಾರಣದ ಗುಂಪೊಂದು ಗೈಡುಗಳ ಜೊತೆ ಹಿಮಾಲಯದ ಶಿಖರಕ್ಕೆ ಜನರನ್ನು ಕರೆದುಕೊಂಡು ಹೋಗುತ್ತದೆಂದು, ಪಕ್ಕದ ಮೇಜಿನ ನಿಂಗೇಗೌಡ ಪೇಪರಿನಲ್ಲಿ ಓದಿ ಹೇಳಿದ. “ಇದ್ಯಾವ ಮಹಾ, ನಾನು ಹುಡುಗನಾಗಿದ್ದಾಗ ಪಾಂಡವಪುರದ ಕುಂತಿಬೆಟ್ಟವನ್ನ ಓಡ್ಕೊಂಡೇ ಹತ್ತಿದೋನು” ಎಂದೆ. ನಿಂಗೇಗೌಡ ಪೇಪರು ಮಡಿಚಿ, “ಅಂಗಾದ್ರೆ ಒಂದ್ಸಲ ಓಗ್ಬುಟ್ಟು ಬಾ ಕಣ್ಲಾ. ಕುಂತಿದ್ ಜಾಗದಲ್ಲೇ ಎಷ್ಟು ಬೆಟ್ಟ ಅಂತ ಅತ್ತೀಯೆ?” ಎಂದ. ಕಚೇರಿಗೆ ಕಚೇರಿಯೇ ನಕ್ಕಿತು. ಆ ನಗು ನಿಲ್ಲುವ ಮೊದಲೇ ನಾನು ರಜೆಗೆ ಅರ್ಜಿ ಬರೆದಿದ್ದೆ. ಯಾವತ್ತೂ ರಜೆ ಕೊಡದ ಸಾಹೇಬರು ಅಂದು ಮಾತ್ರ ಓದದೆಯೇ ಸಹಿ ಹಾಕಿದರು.

ಹೆಂಡತಿ ಪುಟ್ಟಲಕ್ಷ್ಮಿಯನ್ನೂ ಹೊರಡಿಸಿದೆ. “ನೀನೂ ಹಿಮಾಲಯ ನೋಡಿದ ಹಾಗಾಗುತ್ತೆ” ಎಂದು ಉದಾರವಾಗಿ ಹೇಳಿದೆನಾದರೂ ಒಳಗಿನ ಕಾರಣ ಬೇರೆ. ನನ್ನ ಟವೆಲು, ನನ್ನ ಕನ್ನಡಕ, ನನ್ನ ಮಾತ್ರೆ ಎಲ್ಲಿವೆ ಎಂಬುದು ಈ ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ಸಂತೆಬಾಚಹಳ್ಳಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ. ಲಸಿಕೆಯ ಡಬ್ಬವನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ಹೋಗದ ಊರುಗಳಿಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗುವವಳು. ಸೂಜಿ ಕಂಡು ಓಡಿಹೋದ ಮಕ್ಕಳನ್ನು ಕಬ್ಬಿನ ಗದ್ದೆಯೊಳಗೆ ನುಗ್ಗಿ ಹಿಡಿದು ತರುವವಳು. ಇದನ್ನೆಲ್ಲ ನಾನು ಬಲ್ಲೆ. ಆದರೆ ಇದಕ್ಕೂ ಹಿಮಾಲಯಕ್ಕೂ ಏನಾದರೂ ಸಂಬಂಧವಿದ್ದೀತು ಎಂದು ಹೊರಡುವಾಗ ನನಗೆ ಹೊಳೆಯಲಿಲ್ಲ. ಬೇಸಿಗೆ ರಜೆಯಲ್ಲಿದ್ದ ಮಕ್ಕಳನ್ನು ಅಕ್ಕಿಹೆಬ್ಬಾಳಿನ ಅತ್ತೆಯ ಮನೆಯಲ್ಲಿ ಬಿಟ್ಟು ರೈಲು ಹತ್ತಿದೆವು.

ನಾವು ಹತ್ತಬೇಕಾಗಿದ್ದ ಶಿಖರದ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಪುಟ್ಟಲಕ್ಷ್ಮಿ ಸರಾಗವಾಗಿ ಹೇಳುತ್ತಾಳೆ. ಹತ್ತಿದವಳಿಗೆ ಆ ಹಕ್ಕಿದೆ. ಗೈಡಿನ ಹೆಸರು ಹೀರಾ ಸಿಂಗ್. ಮಾತು ಕಡಿಮೆ, ಆಡಿದರೆ “ಧೀರೇ, ಧೀರೇ”, ಎಂದರೆ ನಿಧಾನ, ಅಷ್ಟೇ. ಮೊದಲ ದಿನ ದೇವದಾರು ಮರಗಳ ನಡುವೆ ಹಾದಿ ಸುಲಭವಾಗಿತ್ತು. ನಾನು ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕಿ, ತಿರುವಿನ ಬಂಡೆಯ ಮೇಲೆ ಕೂತು, ಏದುಸಿರು ಬಿಡುತ್ತ ಬಂದವರನ್ನು “ಬನ್ನಿ ಬನ್ನಿ” ಎಂದು ಸ್ವಾಗತಿಸುತ್ತಿದ್ದೆ. ಪುಟ್ಟಲಕ್ಷ್ಮಿ ಮಾತ್ರ ಏದುಸಿರಿಲ್ಲದೆ, ಸಂತೆಬಾಚಹಳ್ಳಿಯ ಬದುವಿನ ಮೇಲೆ ಹೇಗೋ ಹಾಗೆ, ಒಂದೇ ಸಮನೆ ಹೆಜ್ಜೆ ಹಾಕಿಕೊಂಡು ಬರುತ್ತಿದ್ದಳು. “ಅದ್ಯಾಕಂಗ್ ಓಡ್ತೀರಿ? ಬೆಟ್ಟ ಏನು ಕಡೇ ಬಸ್ಸಾ, ಒಂಟೋಗಕ್ಕೆ?” ಎಂದಳು. ಅವಳಿಗೆ ಹಿಂದಿ ಬಾರದು, ಹೀರಾ ಸಿಂಗನಿಗೆ ಕನ್ನಡ ಬಾರದು. ಆದರೂ ಅವನು “ಧೀರೇ” ಎಂದಾಗಲೆಲ್ಲ ಇವಳು ನನ್ನ ಕಡೆ ತಿರುಗಿ, “ನೋಡಿ, ಅವ್ರೂ ಅದ್ನೇ ಯೋಳ್ತಾವ್ರೆ” ಎನ್ನುತ್ತಿದ್ದಳು.

ದಿನ ಕಳೆದಂತೆ ಸಾಲಿನಲ್ಲಿ ನನ್ನ ಜಾಗ ಮೆಲ್ಲಗೆ ಹಿಂದಕ್ಕೆ ಸರಿಯಿತು. ಮರಗಳು ಮುಗಿದು ಹುಲ್ಲು ಬಂತು, ಹುಲ್ಲು ಮುಗಿದು ಕಲ್ಲು ಬಂತು. ಕಲ್ಲಿನ ಹಾದಿ ಬರುವಷ್ಟರಲ್ಲಿ ನಾನು ಸಾಮಾನು ಹೊತ್ತ ಹೇಸರಗತ್ತೆಗಳಿಗಿಂತಲೂ ಹಿಂದಿದ್ದೆ. ಪುಟ್ಟಲಕ್ಷ್ಮಿಯ ಹೆಜ್ಜೆ ಅದೇ ಹೆಜ್ಜೆ. ಡೇರೆ ಸೇರಿದ ಮೇಲೆ ಉಳಿದವರೆಲ್ಲ ಬಿದ್ದಲ್ಲೇ ಬಿದ್ದುಕೊಂಡರೆ, ಅವಳು ಒಬ್ಬೊಬ್ಬರ ಕಾಲಿನ ಬೊಬ್ಬೆಗೂ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತಿದ್ದಳು. ಮೈಸೂರಿನವರೆಲ್ಲ ಅವಳನ್ನು ‘ಸಿಸ್ಟರ್’ ಎಂದು ಕರೆಯತೊಡಗಿದರು. “ಸಿಸ್ಟರ್, ಇಲ್ಲಿ ಸ್ವಲ್ಪ”, “ಸಿಸ್ಟರ್, ನಮ್ಮ ಡೇರೆಗೂ ಬನ್ನಿ.” ಊರಲ್ಲಿ ಕೇಳುವುದನ್ನೇ ಅವಳು ಹಿಮಾಲಯದಲ್ಲೂ ಕೇಳಿದಳು. ನನ್ನನ್ನು ಅವರು ‘ಸಿಸ್ಟರ್ ಅವರ ಯಜಮಾನರು’ ಎಂದು ಗುರುತಿಸುತ್ತಿದ್ದರು. ಅದೂ ಗುರುತಿಸಲೇಬೇಕಾಗಿ ಬಂದಾಗ.

ಕೊನೆಯ ಕ್ಯಾಂಪಿನಲ್ಲಿ ನನಗೆ ತಲೆ ಸಿಡಿಯತೊಡಗಿತು. ಎದುರಿಗೆ ಸಂಜೆಯ ಬಿಸಿಲು ಬಿದ್ದ ಶಿಖರ, ಆಗ ತಾನೆ ಕಡೆದು ತೆಗೆದ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ದೂರ ಬಂದು ತಲೆನೋವು ಎಂದರೆ ನಿಂಗೇಗೌಡ ನಿವೃತ್ತಿಯಾಗುವವರೆಗೂ ನನ್ನನ್ನು ಬಿಡಲಾರ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಪುಟ್ಟಲಕ್ಷ್ಮಿ ನಿಪ್ಪಟ್ಟಿನ ಡಬ್ಬಿಯನ್ನು ಮುಂದೆ ಹಿಡಿದಳು. ಬೇಡವೆಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ತಲೆ ನೋಯ್ತದಾ?” “ಇಲ್ಲಪ್ಪ.” “ಮದ್ವೆಯಾದಾಗಿಂದ ನೀವು ನಿಪ್ಪಟ್ಟು ಬ್ಯಾಡ ಅಂದಿದ್ದೇ ಇಲ್ಲ.” ನಾನು ಒಂದು ನಿಪ್ಪಟ್ಟು ತೆಗೆದುಕೊಂಡು, ಸುಖಪಡುತ್ತಿರುವವನ ಹಾಗೆ ಕಷ್ಟಪಟ್ಟು ತಿಂದೆ.

ಮಾರನೆಯ ಬೆಳಗ್ಗೆ ಹೊರಟೆವು. ಹಿಮದ ಏರು ಶುರುವಾಗಿ ಸ್ವಲ್ಪ ದೂರ ಹೋಗುವುದರೊಳಗೆ ಆ ನಿಪ್ಪಟ್ಟು ಹೊರಗೆ ಬಂತು. ನಾನು ಹಿಮದ ಮೇಲೆ ಕುಸಿದು ಕೂತೆ. ಪುಟ್ಟಲಕ್ಷ್ಮಿ ಮುಂದಿನಿಂದ ತಿರುಗಿ ಬಂದು ನಾಡಿ ಹಿಡಿದಳು, ಕಣ್ಣು ಬಿಡಿಸಿ ನೋಡಿದಳು, ಎದ್ದು ನೆಟ್ಟಗೆ ನಡೆಯಿರಿ ಎಂದಳು. ನಡೆದೆ. “ನಿಮ್ ಎಸ್ರೇನು?” ಎಂದಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಬೆಳೆದವಳು ಗಂಡನ ಬಾಯಲ್ಲೇ ಅದನ್ನು ಹೇಳಿಸಿದಳು. “ಬುದ್ಧಿ ನೆಟ್ಟಗದೆ, ಗಾಳಿ ಸಾಲ್ದು ಅಷ್ಟೇಯ” ಎಂದು ಹೀರಾ ಸಿಂಗನ ಕಡೆ ನೋಡಿದಳು. ಅವನು ಕೆಳಗೆ ಕೈ ತೋರಿಸಿದ. ಇಳಿದರೆ ಗುಣವಾಗುತ್ತದೆ, ಸಹಾಯಕ ಗೈಡು ಜೊತೆಗೆ ಹೋಗುತ್ತಾನೆ ಎಂದ.

ನಾನು ಕಾದೆ. ಸತ್ಯವಾಗಿ ಹೇಳುತ್ತೇನೆ, ‘ನಾನೂ ಇಳೀತೀನಿ’ ಎಂದು ಅವಳು ಹೇಳುವುದನ್ನೇ ಕಾದೆ. ‘ಬೇಡ ಪುಟ್ಟಿ, ನೀನು ಹೋಗು’ ಎಂದು ಹೇಳಿ ದೊಡ್ಡವನಾಗಲು ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನನ್ನ ಮಫ್ಲರನ್ನು ಬಿಗಿಯಾಗಿ ಸುತ್ತಿ, ಬಿಸಿನೀರಿನ ಫ್ಲಾಸ್ಕು ಕೈಗಿಟ್ಟು, “ನೀವು ಇಳ್ದು ಮನಿಕ್ಕಳಿ. ನಾನು ಓಗಿ ನೋಡ್ಕಂಡ್ ಬತ್ತೀನಿ” ಎಂದಳು. ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ತರಲು ಹೋಗುವವಳ ಹಾಗೆ! ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, “ಬ್ಯಾಸ್ರ ಮಾಡ್ಕಬ್ಯಾಡಿ. ಮತ್ತೆ ನನ್ನ ಯಾರು ಕರ್ಕಂಬತ್ತಾರೆ ಇಲ್ಗಂಟ?” ಎಂದಳು. ಜೋಡಿಸಿಟ್ಟ ಮಾತು ನನ್ನ ಬಾಯಲ್ಲೇ ಕರಗಿತು.

ಇಳಿಯುತ್ತ ಇಳಿಯುತ್ತ ತಲೆ ಹಗುರಾಯಿತು. ಡೇರೆಯ ಹತ್ತಿರ ಕೂತು ಮೇಲೆ ನೋಡಿದೆ. ಬಿಳಿಯ ಇಳಿಜಾರಿನಲ್ಲಿ ಕಪ್ಪು ಚುಕ್ಕೆಗಳ ಸಾಲು, ಮುಂದಿನಿಂದ ಎರಡನೆಯದು ಕೆಂಪು ಚುಕ್ಕೆ. ಅದು ಅವಳ ಸ್ವೆಟರು. ಉಳಿದ ಚುಕ್ಕೆಗಳು ನಿಲ್ಲುತ್ತಿದ್ದವು, ಬಾಗುತ್ತಿದ್ದವು. ಕೆಂಪು ಚುಕ್ಕೆ ಅದೇ ಹೆಜ್ಜೆಯಲ್ಲಿ ಹೋಗುತ್ತಿತ್ತು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಭಯವಾಯಿತು. ಒಂದು ಕಡೆ ಹಿಮ ಜಾರಿ ಸಾಲು ನಿಂತಾಗ ಮನೆದೇವರಿಗೆ ಹರಕೆ ಹೊತ್ತೆ. ಕೊನೆಗೆ ಆ ಚುಕ್ಕೆ ನೀಲಿ ಆಕಾಶಕ್ಕೆ ಅಂಟಿಕೊಂಡು ನಿಂತದ್ದನ್ನು ನೋಡಿ ಎದ್ದು ನಿಂತು, “ನಮ್ ಪುಟ್ಟಿ! ನಮ್ ಪುಟ್ಟಿ!” ಎಂದು ಕೂಗಿದೆ. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದ. ಇದ್ಯಾವ ಮಹಾ ಎನ್ನಲು ಬಾಯಿ ಬಾರದೆ ಹೋದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅವಳು ಇಳಿದು ಬಂದ ಮೇಲೆ, “ಏನು ಕಾಣಿಸ್ತು?” ಎಂದು ಕೇಳಿದೆ. ಬಿಸಿಲಿಗೆ ಅವಳ ಮೂಗಿನ ಚರ್ಮ ಸುಲಿದಿತ್ತು. “ಬೆಟ್ಟ ಕಣ್ರೀ. ಒಂದ್ರ ಇಂದ್ಗಡೆ ಒಂದು, ಮುಗ್ಯಾದೇ ಇಲ್ಲ” ಎಂದಳು. ಬೂಟಿನ ಲಾಡಿ ಬಿಚ್ಚುತ್ತ, “ಅಲ್ಲಿ ಒಂದ್ಗಳಿಗೆ ಕುಂತಿದ್ದೆ. ಯಾರೂ ಸಿಸ್ಟರ್ ಅನ್ಲಿಲ್ಲ, ಯಾರೂ ಅವ್ವಾ ಅನ್ಲಿಲ್ಲ. ಅದ್ಕೂ ಮುಂಚೆ ಅಂಗ್ ಸುಮ್ಕೆ ಕುಂತಿದ್ದು ಯಾವತ್ತು ಅಂತ್ಲೇ ಗ್ಯಾಪ್ಕಕ್ ಬರ್ನಿಲ್ಲ” ಎಂದಳು. ನನ್ನ ಟವೆಲು ಎಲ್ಲಿದೆ ಎಂದು ಕೇಳಬೇಕೆಂದಿದ್ದವನು ಕೇಳಲಿಲ್ಲ. ನಾನೇ ಹುಡುಕಿಕೊಂಡೆ. ಸಿಗಲಿಲ್ಲ, ಆ ಮಾತು ಬೇರೆ.

ಊರಿಗೆ ಬಂದರೆ ಕಚೇರಿಯಲ್ಲಿ ಸನ್ಮಾನ ಸಿದ್ಧವಾಗಿತ್ತು. ಒಂದೇ ಪೇಟ, ಒಂದೇ ಶಾಲು, ಒಂದೇ ಹಾರ, ಎಲ್ಲವೂ ನನ್ನ ಅಳತೆಯವು. ಪುಟ್ಟಲಕ್ಷ್ಮಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಾನು ಎದ್ದು ಪೇಟ ತೆಗೆದಿಟ್ಟು, “ಶಿಖರ ಹತ್ತಿದವಳು ನನ್ನ ಹೆಂಡತಿ. ನಾನು ದಾರಿಯಲ್ಲಿ ವಾಂತಿ ಮಾಡಿಕೊಂಡು ಇಳಿದು ಬಂದವನು” ಎಂದೆ. ಕಿವಿ ಗಡಚಿಕ್ಕುವ ಚಪ್ಪಾಳೆ ಬಿತ್ತು. ಸಾಹೇಬರು ಕಣ್ಣೊರಸಿಕೊಂಡು, “ಎಂಥ ವಿನಯ! ತಾವು ಹತ್ತಿ ಹೆಂಡತಿ ಹೆಸರು ಹೇಳ್ತಾ ಇದಾರೆ” ಎಂದು ಪೇಟವನ್ನು ಮತ್ತೆ ನನ್ನ ತಲೆಗೇ ಒತ್ತಿದರು. ನಿಂಗೇಗೌಡನೂ ನನ್ನ ಕೈ ಹಿಡಿದು, “ನೀನು ಇಂಥ ದೊಡ್ಮನ್ಸ ಅಂತ ಗೊತ್ತಿರ್ನಿಲ್ಲ ಕಣ್ಲಾ” ಎಂದ. ವಾಂತಿಯ ವಿವರ ಕೊಡಲು ಹೋದೆ. ವಿವರ ಕೊಟ್ಟಷ್ಟೂ ನನ್ನ ವಿನಯ ಬೆಳೆಯಿತು.

ಭಾನುವಾರ ಮಕ್ಕಳನ್ನು ಕರೆತರಲು ಅಕ್ಕಿಹೆಬ್ಬಾಳಿಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ರೈಲು ಇಳಿದಿತ್ತು. ಅತ್ತೆ ಬಾಗಿಲಲ್ಲೇ ಕಣ್ಣು ತುಂಬಿಕೊಂಡು, “ಅಳೀಮಯ್ಯಾ, ನಮ್ ಪುಟ್ಟಿ ಕೈಲಿ ಆಗ್ದೆ ಓದಾಗ ನೀವೇ ಎಗಲ್ ಮ್ಯಾಲೆ ಒತ್ಕಂಡ್ ಅತ್ತುದ್ರಂತಲ್ಲಪ್ಪಾ!” ಎಂದರು. ನಾನು ಗಾಬರಿಯಿಂದ ಪುಟ್ಟಲಕ್ಷ್ಮಿಯನ್ನು ನೋಡಿದೆ. ಅವಳು ನೆಟ್ಟಗೆ ನಿಂತು, “ಊ ಕಣವ್ವಾ, ಒತ್ಕಂಡೇ ಓದ್ರು” ಎಂದಳು. ಅತ್ತೆ ಒಳಗೆ ಹೋದ ಮೇಲೆ ನನ್ನ ಕಿವಿಯಲ್ಲಿ, “ಸುಮ್ಕಿರಿ. ಬರಾ ವರ್ಷ ಇನ್ನೊಂದು ಬೆಟ್ಟ ಅದಂತೆ. ನಾನೇ ಅತ್ತುದ್ದು ಅಂದ್ರೆ ಅವ್ವ ಕಳಸಾಕಿಲ್ಲ. ನೀವು ಒತ್ಕಂಡ್ ಓಯ್ತೀರಿ ಅಂದ್ರೆ ಬುಡ್ತಾಳೆ” ಎಂದಳು.

ಊಟಕ್ಕೆ ಕೂತಾಗ ಅತ್ತೆ, ಮಗಳನ್ನು ಹೊತ್ತು ಸೊರಗಿದ್ದೀನೆಂದು, ಬೇಡವೆಂದರೂ ಕೇಳದೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು. ಮುದ್ದೆಯನ್ನು ಅಗಿಯುವಂತಿಲ್ಲ. ಪುಟ್ಟಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ನುಂಗಿದೆ.