ಮುದ್ದೆ ಕಟ್ಟಿದ ಗುಂಡ

ಗಂಡಸಿಗೆ ಮನೆಯಲ್ಲಿ ಸ್ವಂತದ್ದೊಂದು ಮೂಲೆ ಇರಬೇಕು ಎಂಬುದು ನನ್ನ ಸಿದ್ಧಾಂತ. ಕೊಳ್ಳೇಗಾಲದ ನಮ್ಮ ಮನೆಯ ಹಜಾರದಲ್ಲಿ ಅಂಥದ್ದೊಂದನ್ನು ನನ್ನ ಕಂಪ್ಯೂಟರ್ ಹಿಡಿದುಕೊಂಡಿದೆ. ಯಳಂದೂರಿನ ಕಾಲೇಜಿನಲ್ಲಿ ಪಾಠ ಹೇಳಿ ಬಂದವನು ಸಂಜೆ ಅಲ್ಲಿ ಕೂತು ಆಟ ಕಟ್ಟುತ್ತೇನೆ. ಚಿತ್ರವಿಲ್ಲದ, ಬರೀ ಮಾತಿನ ಆಟ. 'ನೀನು ಅಂಗಳದಲ್ಲಿದ್ದೀಯ, ಎದುರಿಗೆ ಅಡುಗೆಮನೆ' ಎಂದು ಅದು ಬರೆದರೆ, 'ಒಳಗೆ ಹೋಗು' ಎಂದು ಆಡುವವನು ಬರೆಯಬೇಕು. ಆಡುವವನು ಮನುಷ್ಯನಲ್ಲ, ನಾನೇ ಬರೆದ ಪ್ರೋಗ್ರಾಮು, ಹೆಸರು ಗುಂಡ. ತಪ್ಪಿ ತಪ್ಪಿ ಕಲಿಯುವ ಪ್ರಾಣಿ. ಆಟದ ಮನೆಯಲ್ಲಿರುವ ಅಮ್ಮನಿಗೆ ರಾಗಿಮುದ್ದೆ ಮಾಡಿ ಬಡಿಸಿದರೆ ಗೆದ್ದ ಹಾಗೆ. ಒಬ್ಬನನ್ನೇ ಬಿಟ್ಟಾಗ ತುಳಸಿಕಟ್ಟೆಯನ್ನು ಬೇಯಿಸಲು ನೋಡಿದ, ಬಕೆಟ್ಟಿನ ಜೊತೆ ಮಾತಾಡಿದ. ಅದಕ್ಕೇ ಅವನಿಗೊಬ್ಬ ಮೇಷ್ಟ್ರನ್ನು ಇಟ್ಟೆ: ಲೋಕದ ಬರಹವನ್ನೆಲ್ಲ ಓದಿಕೊಂಡು, ಕೇಳಿದ್ದಕ್ಕೆ ಉತ್ತರ ಬರೆಯುವ ಎಐ ಭಾಷಾ ಮಾದರಿ. ಮೇಷ್ಟ್ರು ಸನ್ನಿವೇಶ ಓದಿ ಮುಂದಿನ ಹೆಜ್ಜೆ ಹೇಳುತ್ತಾರೆ, ಗುಂಡ ಮಾಡಿ ಕಲಿಯುತ್ತಾನೆ.

"ಭಾನ್ವಾರದೊಳ್ಗೆ ಅದು ಮುದ್ದೆ ಕಟ್ನಿಲ್ಲ ಅಂದ್ರೆ ಆ ಮೂಲೆ ನನ್ ಒಲಿಗೆ ಮಿಷಿನ್‌ಗೆ ಕಣ್ರಿ," ಎಂದಳು ಹೆಂಡತಿ ಮಂಜುಳ. ಹನೂರಿನಿಂದ ಅವಳ ತಮ್ಮ ಫೋನು ಮಾಡಿ, "ಏನ್ ಭಾವ, ಮುದ್ದೆ ಜೊತ್ಗೆ ಉಪ್ಸಾರು ನಾವೇ ತಕಂಡ್ ಬರವಾ?" ಎಂದು ಗಾಯಕ್ಕೆ ಉಪ್ಪು ಸವರಿದ.

ಶನಿವಾರ ಬಂದರೂ ಗುಂಡ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಒಳಗೆ ಹೊರಟಾಗಲೆಲ್ಲ ಆಟ ಹೇಳುತ್ತಿತ್ತು: 'ಅಮ್ಮ ದುರುಗುಟ್ಟಿ ನೋಡಿದಳು.' ಮೇಷ್ಟ್ರು ಗುಂಡನಿಂದ ನಮಸ್ಕಾರ ಹೇಳಿಸಿದರು, ದಾಸವಾಳ ಕೊಡಿಸಿದರು, ಊಟ ಆಯಿತೇ ಎಂದು ಕೇಳಿಸಿದರು. ಅಮ್ಮ ದುರುಗುಟ್ಟುತ್ತಲೇ ಇದ್ದಳು. ಮೇಷ್ಟ್ರನ್ನು ಚೆನ್ನಾಗಿ ಬೈದ ಮೇಲೆ, ಆಟ ಬರೆದದ್ದು ನಾನೇ ಎಂಬುದು ನೆನಪಾಯಿತು. ಚಪ್ಪಲಿ ಬಿಟ್ಟು ಕಾಲು ತೊಳೆಯದವನನ್ನು ಅಮ್ಮ ಒಳಗೆ ಬಿಡಬಾರದು ಎಂದು ನಿಯಮ ಹಾಕಿದ್ದೆ, ಕಾರಣವನ್ನು ಬರೆದಿರಲೇ ಇಲ್ಲ. ನಮ್ಮ ಮನೆಗಳಲ್ಲಿ ಅದನ್ನೆಲ್ಲ ಯಾರು ಬಿಡಿಸಿ ಹೇಳುತ್ತಾರೆ? ನನ್ನ ತಾಯಿ ಆ ಒಂದು ನೋಟದಲ್ಲೇ ಸಂಸಾರ ನಡೆಸಿದರು. ಮೇಷ್ಟ್ರು ಪಾಪ, ಅಂಥ ತಾಯಿಯ ಮುಂದೆ ಎಂದೂ ನಿಂತವರಲ್ಲ.

ಅವರಿಗೆ ಒಂದೇ ಸಾಲು ಬರೆದುಕೊಟ್ಟೆ: 'ನಮ್ಮ ಕಡೆ ಅಮ್ಮ ದುರುಗುಟ್ಟಿದರೆ ಮೊದಲು ಕಾಲು ನೋಡಿಕೊಳ್ಳಬೇಕು.' ಗುಂಡನನ್ನು ಮತ್ತೆ ಆಡಲು ಬಿಟ್ಟು ಹಾಲು ತರಲು ಹೋದೆ.

ಬರುವಷ್ಟರಲ್ಲಿ ಗುಂಡ ಚಪ್ಪಲಿ ಬಿಟ್ಟು, ಕಾಲು ತೊಳೆದು, ಎಸರಿಟ್ಟು, ಹಿಟ್ಟು ತೊಳಸಿ ಮುದ್ದೆ ಕಟ್ಟಿದ್ದ! 'ಅಮ್ಮ ನಕ್ಕಳು' ಎನ್ನುತ್ತಿತ್ತು ಪರದೆ. ಮೇಷ್ಟ್ರನ್ನು ತೆಗೆದು ಒಬ್ಬನನ್ನೇ ಬಿಟ್ಟು ನೋಡಿದೆ, ಮತ್ತೆ ಕಟ್ಟಿದ. ನನ್ನ ಮೂಲೆ ಉಳಿಯಿತು! ನಿಂತಲ್ಲೇ ಹನೂರಿಗೆ ಫೋನು ಮಾಡಿ, "ನಾಳೆ ಉಪ್ಸಾರು ತಕಂಡ್ ಬಾರಪ್ಪ," ಎಂದೆ. ಹಾಲಿನ ಪ್ಯಾಕೆಟ್ಟನ್ನು ಎತ್ತಿ ಹಿಡಿದು, "ಗೆದ್ದ ಕಣೇ ನಮ್ ಗುಂಡ!" ಎಂದು ಕೂಗುತ್ತ ಅಡುಗೆಮನೆಗೆ ನುಗ್ಗಿದೆ.

ಮಂಜುಳ ದುರುಗುಟ್ಟಿ ನೋಡಿದಳು.

ಯಾವ ಮೇಷ್ಟ್ರ ಸಹಾಯವೂ ಇಲ್ಲದೆ ನಾನು ನನ್ನ ಕಾಲು ನೋಡಿಕೊಂಡೆ.